ಪಶುವೈದ್ಯರನ್ನು ಕೇಳಿ: ಕೆಂಪು ಔಷಧಿಯ ಲೆಕ್ಕ

ಪ್ರಶ್ನೆ: ಡಾಕ್ಟ್ರೇ, ನಮ್ಮ ಡಾಬರ್‌ಮನ್ ಭೀಮನಿಗೆ ಎಂಟು ವರ್ಷ, 35 ಕೆ.ಜಿ. ತೂಕ. ಕಳೆದ ವರ್ಷ ಲಿಂಫೋಮಾ ಆಗಿ ಕೀಮೋ ಕೊಡಿಸಿದೆವು. ಕತ್ತಿನ ಗಂಟುಗಳೆಲ್ಲ ಕರಗಿದ್ದವು. ಈಗ ಹತ್ತು ತಿಂಗಳಿಗೆ ಮತ್ತೆ ಬಂದಿವೆ. ಮಾತ್ರೆ ಶುರುವಾಗಿದೆ. ಇಂಜೆಕ್ಷನ್‌ಗೆ ಮಾತ್ರ ಹೊಸ ಡಾಕ್ಟರು ಮೊದಲು ಹೃದಯದ ಸ್ಕ್ಯಾನ್ ಆಗಲಿ, ಹಳೇ ಫೈಲೂ ಬೇಕು ಅನ್ನುತ್ತಾರೆ. ಮನೆ ಬದಲಾಯಿಸುವಾಗ ಫೈಲ್ ಕಳೆದುಹೋಯಿತು. ಕ್ಯಾನ್ಸರಿಗೂ ಹೃದಯಕ್ಕೂ ಏನು ಸಂಬಂಧ? ರಾತ್ರಿಯೆಲ್ಲ ಅವನು ಏದುಸಿರು ಬಿಡುತ್ತಿದ್ದಾನೆ, ಅದೂ ಹೃದಯದ್ದೇನಾ?

ಉತ್ತರ: ಮೊದಲು ಆ ಫೈಲ್ ಹುಡುಕಿ. ಸಿಗದಿದ್ದರೆ ಹಳೇ ಆಸ್ಪತ್ರೆಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: ಕೆಂಪು ಔಷಧಿ ಎಷ್ಟು ಸಲ ಕೊಟ್ಟಿರಿ, ಪ್ರತಿ ಸಲ ಎಷ್ಟು ಮಿಲಿಗ್ರಾಂ?

ಆ ಔಷಧಿಯ ಹೆಸರು ಡಾಕ್ಸೊರುಬಿಸಿನ್. ಡ್ರಿಪ್ಪಿನ ನಳಿಗೆಯಲ್ಲಿ ಕೆಂಪಗೆ ಇಳಿಯುವುದನ್ನು ನೀವೂ ನೋಡಿರಬೇಕು. ನಾಯಿಗಳ ಲಿಂಫೋಮಾಕ್ಕೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿಗಳು ಕಡಿಮೆ. ಆದರೆ ಇದು ಹೃದಯದ ಸ್ನಾಯುವನ್ನೂ ಮುಟ್ಟುತ್ತದೆ. ಜೀವಕೋಶದೊಳಗಿನ ಕಬ್ಬಿಣದ ಜೊತೆ ಸೇರಿ ಕೋಶವನ್ನು ಸುಡುವಂಥ ಕಣಗಳನ್ನು ಹುಟ್ಟಿಸುತ್ತದೆ. ಕರುಳು, ರಕ್ತದ ಕೋಶಗಳು ಏಟು ತಿಂದರೂ ವಾರದಲ್ಲಿ ಹೊಸದಾಗಿ ಹುಟ್ಟುತ್ತವೆ. ಹೃದಯದ ಸ್ನಾಯುವಿಗೆ ಆ ಭಾಗ್ಯ ಇಲ್ಲ, ಸತ್ತ ಕೋಶ ಸತ್ತ ಹಾಗೆಯೇ. ಕೊನೆಗೆ ಎಡ ಹೃತ್ಕುಕ್ಷಿಯ ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ಒತ್ತುವ ಬಲ ಕುಂದುತ್ತದೆ.

ಹಾಗಾಗಿ ಲೆಕ್ಕ ಇಡುತ್ತೇವೆ. ಒಂದು ಸಲಕ್ಕೆ ದೇಹದ ಹೊರಮೈಯ ಪ್ರತಿ ಚದರ ಮೀಟರಿಗೆ 30 ಮಿ.ಗ್ರಾಂ. ಭೀಮನ ತೂಕಕ್ಕೆ ಹೊರಮೈ ಸುಮಾರು 1.08 ಚದರ ಮೀಟರ್, ಅಂದರೆ ಸಲಕ್ಕೆ 32 ಮಿ.ಗ್ರಾಂ. ಆಸುಪಾಸು. ಸಾಮಾನ್ಯ ಕೋರ್ಸಿನಲ್ಲಿ ಇದು ನಾಲ್ಕು ಸಲ ಬರುತ್ತದೆ: ಚದರ ಮೀಟರಿಗೆ 120. ಮತ್ತೆ ಅದೇ ಕೋರ್ಸ್ ಪೂರ್ತಿ ಕೊಟ್ಟರೆ 240. ಇಡೀ ಆಯುಷ್ಯಕ್ಕೆ 180ರಿಂದ 240ರ ನಡುವೆ ಎಲ್ಲೋ ನಿಲ್ಲಿಸಬೇಕೆಂಬುದು ವೈದ್ಯರ ವಾಡಿಕೆ. ಅದಕ್ಕಿಂತ ಕಡಿಮೆಯಲ್ಲೇ ಕೆಟ್ಟ ಹೃದಯಗಳೂ ಇವೆ. ಹತ್ತು ತಿಂಗಳು ಬಿಡುವಿತ್ತಲ್ಲ ಎಂದು ಹಳೆಯದು ವಜಾ ಆಗುವುದಿಲ್ಲ.

ನಿಮ್ಮದು ಡಾಬರ್‌ಮನ್ ಎಂಬುದು ನನಗೆ ಇನ್ನೂ ದೊಡ್ಡ ಚಿಂತೆ. ಈ ತಳಿಗೆ ಕೀಮೋ ಇಲ್ಲದೆಯೂ ಹೃದಯ ಹಿಗ್ಗುವ ಕಾಯಿಲೆ ಬರುತ್ತದೆ; ಬಾಕ್ಸರ್, ಗ್ರೇಟ್ ಡೇನ್‌ಗಳಲ್ಲೂ ಹೃದಯದ ಸ್ನಾಯುವಿನ ತೊಂದರೆ ಹೆಚ್ಚು. ಎಕೋ, ಅಂದರೆ ಆ ಹೃದಯದ ಸ್ಕ್ಯಾನ್ ಮಾಡಿಸಿ, ಜೊತೆಗೆ ಇಸಿಜಿ. ಸಾಧ್ಯವಾದರೆ 24 ಗಂಟೆ ಎದೆಗೆ ಕಟ್ಟುವ ಹೋಲ್ಟರ್ ಕೂಡ, ಯಾಕೆಂದರೆ ಡಾಬರ್‌ಮನ್‌ನಲ್ಲಿ ಸ್ಕ್ಯಾನ್ ಚೆನ್ನಾಗಿದ್ದರೂ ಬಡಿತ ತಪ್ಪುತ್ತಿರಬಹುದು. ನನ್ನನ್ನು ಕೇಳಿದರೆ, ಎಕೋದಲ್ಲಿ ಸ್ವಲ್ಪ ಅನುಮಾನ ಬಂದರೂ ಭೀಮನಿಗೆ ಕೆಂಪು ಔಷಧಿ ಬೇಡ. ಮೈಟೊಕ್ಸಾಂಟ್ರೋನ್ ಇದೆ, ಹೃದಯಕ್ಕೆ ಅಷ್ಟು ಕಾಟ ಕೊಡದು. ಡಾಕ್ಸೊರುಬಿಸಿನ್ನೇ ಬೇಕಾದರೆ ಅದಕ್ಕೆ ಸ್ವಲ್ಪ ಮೊದಲು ಡೆಕ್ಸ್‌ರಾಜೋಕ್ಸೇನ್ ಕೊಡಬಹುದು. ಅದು ಕಬ್ಬಿಣವನ್ನು ಹಿಡಿದಿಟ್ಟು ಹೃದಯವನ್ನು ಕಾಯುತ್ತದೆ. ಎಲ್ಲ ಕಡೆ ಸಿಗುವ ಔಷಧಿಯಲ್ಲ, ವಿಚಾರಿಸಿ.

ಫೈಲಿನ ಹಟ ನನಗೆ ಸುಮ್ಮನೆ ಬಂದದ್ದಲ್ಲ. ವರ್ಷಗಳ ಹಿಂದೆ ಬೇರೆ ಕಡೆ ಚಿಕಿತ್ಸೆಯಾಗಿದ್ದ ಹೆಣ್ಣು ನಾಯಿಯೊಂದು ನನ್ನ ಬಳಿ ಬಂತು. 'ಕೆಂಪಗಿದ್ದದ್ದು ಎರಡು ಸಲ ಕೊಟ್ಟಿದ್ರು ಅನಿಸತ್ತೆ' ಅಂದರು ಮನೆಯವರು. ನಾನು ಆ 'ಅನಿಸತ್ತೆ'ಯನ್ನೇ ನಂಬಿ ನಾಲ್ಕು ಸಲ ಕೊಟ್ಟೆ. ನಿಜಕ್ಕೂ ಮೊದಲೇ ಐದು ಸಲ ಆಗಿತ್ತು. ಮೂರು ತಿಂಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಬಂದಿತು. ಮೈಯೆಲ್ಲ ತಡವಿದೆ, ಒಂದು ಗಂಟೂ ಇರಲಿಲ್ಲ. ಆವತ್ತಿನಿಂದ ಫೈಲಿನ ಮೇಲುಹಾಳೆಯಲ್ಲೇ ಆ ಮೊತ್ತ ಬರೆಯುತ್ತೇನೆ, ಮನೆಯವರ ಕೈಗೂ ಒಂದು ಚೀಟಿ ಕೊಡುತ್ತೇನೆ.

ಏದುಸಿರಿನ ವಿಷಯ. ಶುರುವಾದ ಮಾತ್ರೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಇರಬಹುದು. ಅದು ತಿಂದ ನಾಯಿ ನಾಲಿಗೆ ಚಾಚಿ ತೇಕುತ್ತದೆ, ನೀರು ಕುಡಿಯುತ್ತದೆ, ಪದೇಪದೇ ಉಚ್ಚೆಗೆ ಎಬ್ಬಿಸುತ್ತದೆ. ಹಾಗಾಗಿ ಎಚ್ಚರವಿದ್ದಾಗಿನ ತೇಕು ನೋಡಿ ತೀರ್ಮಾನಿಸಬೇಡಿ. ಭೀಮ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿದದ್ದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. 30ಕ್ಕಿಂತ ಕೆಳಗಿದ್ದರೆ ಸಮಾಧಾನ. ಮೇಲಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಒಸಡು ಬಿಳಿಚಿದರೆ, ಕುಸಿದು ಬಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ.

ಪ್ರಶ್ನೆ: ನಮ್ಮ ಪುಟಾಣಿ ನಾಯಿಗೆ 8 ಕೆ.ಜಿ. ಹೃದಯದಲ್ಲಿ ಮರ್ಮರ್ (ಬಡಿತದ ಜೊತೆ ಕೇಳುವ ಅಸಹಜ ಸದ್ದು) ಇದೆ ಎಂದು ಮೊದಲೇ ಹೇಳಿದ್ದರು. ಈಗ ಕ್ಯಾನ್ಸರ್. ಕೀಮೋ ಆಸೆ ಬಿಡಬೇಕೇ?

ಉತ್ತರ: ಬಿಡಬೇಡಿ. ವಯಸ್ಸಾದ ಸಣ್ಣ ನಾಯಿಗಳಲ್ಲಿ ಮರ್ಮರ್ ಹೆಚ್ಚಾಗಿ ಕವಾಟ ಸೋರುವುದರಿಂದ. ಸ್ನಾಯುವಿನ ಕಾಯಿಲೆಯೇ ಬೇರೆ. ಎಕೋದಲ್ಲಿ ಹೃದಯ ಚೆನ್ನಾಗಿ ಒತ್ತುತ್ತಿದ್ದರೆ ದಾರಿ ಮುಚ್ಚಿಲ್ಲ. ಇಷ್ಟು ಸಣ್ಣ ಮೈಗೆ ಕೆಂಪು ಔಷಧಿಯ ಡೋಸ್ ಚದರ ಮೀಟರಿನ ಲೆಕ್ಕದಲ್ಲಲ್ಲ, ಕೆ.ಜಿ.ಗೆ 1 ಮಿ.ಗ್ರಾಂ. ಡ್ರಿಪ್ ನೀರು ಜಾಸ್ತಿ ಹೋಗಬಾರದೆಂದು ನೆನಪಿಸಿ.

ಪ್ರಶ್ನೆ: ಕೀಮೋ ಮುಗಿದು ಐದು ತಿಂಗಳಾಯಿತು, ಇವಳು ಚೆನ್ನಾಗಿದ್ದಾಳೆ. ಇನ್ನು ಹೃದಯದ ಭಯ ಇಲ್ಲ ತಾನೇ?

ಉತ್ತರ: ಕೆಂಪು ಔಷಧಿ ಕೊಟ್ಟಿದ್ದರೆ ಇದೆ. ಕೊನೆಯ ಡೋಸ್ ಆಗಿ ತಿಂಗಳುಗಟ್ಟಲೆ ಬಿಟ್ಟು ಕಾಣಿಸಿಕೊಳ್ಳುವುದುಂಟು. ನಡಿಗೆ ಮಧ್ಯೆ ಕೂತುಬಿಡುವುದು, ಹೊಸ ಕೆಮ್ಮು, ಹೊಟ್ಟೆ ಉಬ್ಬುವುದು ನೋಡುತ್ತಿರಿ. ಬೇಗ ಗೊತ್ತಾದರೆ ಹೃದಯದ ಒತ್ತುವ ಬಲ ಹೆಚ್ಚಿಸುವ ಪಿಮೋಬೆಂಡನ್, ನೀರು ಇಳಿಸುವ ಫ್ಯುರೋಸಿಮೈಡ್‌ಗಳಿಂದ ಉಸಿರಾಟ ಹಗುರ ಮಾಡಬಹುದು. ಕೆಟ್ಟ ಸ್ನಾಯು ಮಾತ್ರ ಹಿಂದಿನಂತಾಗದು. ಮುಂದಿನ ತಪಾಸಣೆಗೆ ಎಕೋವನ್ನೂ ಸೇರಿಸಿಕೊಳ್ಳಿ.