ಮಳೆಗಾಲದಲ್ಲಿ ಲ್ಯಾಂಥನಮ್ ಆಕ್ಸೈಡ್ ತೂಕ ಯಾಕೆ ಏರುತ್ತದೆ?

ಮಂಗಳೂರಿನ ಲ್ಯಾಬಿನಲ್ಲಿಟ್ಟ ಲ್ಯಾಂಥನಮ್ ಆಕ್ಸೈಡ್ (ಲ್ಯಾಂಥನಮ್ ಲೋಹ ಆಮ್ಲಜನಕದೊಂದಿಗೆ ಸೇರಿದ ಸಂಯುಕ್ತ) ಪುಡಿ ಜೂನ್ ಬಂದ ಮೇಲೆ ಉಬ್ಬಿದೆ, ತೂಕವೂ ಏರಿದೆ, ಕಲಬೆರಕೆ ಇರಬಹುದಾ ಅಂತ ಕೇಳಿದ್ದೀರಿ. ಕಲಬೆರಕೆ ಅಲ್ಲ ಅನಿಸುತ್ತದೆ. ನಮ್ಮೂರಿನ ಮಳೆಗಾಲ ಗೊತ್ತಲ್ವಾ, ಉಪ್ಪೇ ನೀರಾಗುತ್ತದೆ. ಈ ಆಕ್ಸೈಡ್ ಗಾಳಿಯ ತೇವ ಎಳೆದುಕೊಂಡು ಹೈಡ್ರಾಕ್ಸೈಡ್, ಅಂದರೆ ನೀರು ಸೇರಿ ಆದ ಬೇರೆ ಸಂಯುಕ್ತ, ಆಗುತ್ತದೆ. ಪೂರ್ತಿ ಬದಲಾದರೆ 100 ಗ್ರಾಂ ಇದ್ದದ್ದು ಸುಮಾರು 116.6 ಗ್ರಾಂ! ಹಾಗೇ ತೂಗಿ ಬಳಸಿದರೆ ಲ್ಯಾಂಥನಮ್ ಕಡಿಮೆ ಬೀಳುತ್ತದೆ. ನನ್ನ ಎರಡು ವಾರದ ಕೆಲಸ ಒಮ್ಮೆ ಹೀಗೇ ಹಾಳಾಗಿತ್ತು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಓವನ್‌ನಲ್ಲಿ 110 ಡಿಗ್ರಿಗೆ ಇಟ್ಟರೆ ಸಾಲದು. ಮೇಲಿನ ತೇವ ಮಾತ್ರ ಹೋಗುತ್ತದೆ, ಹೈಡ್ರಾಕ್ಸೈಡ್ ಹಾಗೇ ಉಳಿಯುತ್ತದೆ. ಜೊತೆಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೂಡ ಸೇರಿಕೊಂಡಿರುತ್ತದೆ, ಅದನ್ನು ಬಿಡಿಸಲು ಬಿಸಿ ಇನ್ನೂ ಜಾಸ್ತಿ ಬೇಕು. ಫರ್ನೇಸಿನಲ್ಲಿ 900ರಿಂದ 1000 ಡಿಗ್ರಿಗೆ ರಾತ್ರಿಯಿಡೀ ಕಾಯಿಸಿ. ಡೆಸಿಕೇಟರ್‌ನಲ್ಲಿ (ಒಳಗಿನ ಗಾಳಿಯನ್ನು ಒಣದಾಗಿಡುವ ಮುಚ್ಚಿದ ಪಾತ್ರೆ) ತಣಿಸಿ, ತೆಗೆದ ಕೂಡಲೇ ತೂಗಿ.