ಪ್ರತಿಕ್ರಿಯೆ: ‘ಅಧೀನತೆ’ ಹೆಂಡತಿಗೆ ಮಾತ್ರವೇ?

ಮದುವೆಯ ಪ್ರಸಂಗದಲ್ಲಿ ಬೈಬಲಿನ ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಿಂದ, ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂಬ 22ನೆಯ ವಚನವನ್ನಷ್ಟೇ ಓದಿದರು, ಹಾಗಾದರೆ ನನ್ನ ಸಂಬಳದ ವಿಚಾರದಲ್ಲೂ ಗಂಡನ ಮಾತೇ ಕೊನೆಯದೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಒಂದು ವಚನ ಹಿಂದಕ್ಕೆ ಹೋಗಿ ಓದಿರಿ. 21ನೆಯ ವಚನವು ಕ್ರಿಸ್ತನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂದು ಎಲ್ಲ ವಿಶ್ವಾಸಿಗಳಿಗೂ ಹೇಳುತ್ತದೆ. ಅತ್ಯಂತ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 22ನೆಯ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅದು ತನ್ನ ಕ್ರಿಯೆಯನ್ನು ಹಿಂದಿನ ವಚನದಿಂದಲೇ ಎರವಲು ಪಡೆಯುತ್ತದೆ. ಹೀಗಿರುವಾಗ ಎರಡನ್ನೂ ಕತ್ತರಿಸಿ ಓದುವುದು ವ್ಯಾಕರಣಕ್ಕೂ ಒಗ್ಗದ ಮಾತು. ಮುಂದಿನ ಅಧ್ಯಾಯದಲ್ಲಿ ಮಕ್ಕಳಿಗೂ ದಾಸರಿಗೂ ಬಳಸಿರುವ ‘ವಿಧೇಯರಾಗಿರಿ’ ಎಂಬ ಬೇರೆಯೇ ಪದವನ್ನು ಇಲ್ಲಿ ಹೆಂಡತಿಯರಿಗೆ ಬಳಸಿಲ್ಲವೆಂಬುದನ್ನೂ ಗಮನಿಸಬೇಕು.

ಮನೆಯ ಯಜಮಾನನ ಅಧಿಕಾರವನ್ನು ಯಾರೂ ಪ್ರಶ್ನಿಸದಿದ್ದ ರೋಮನ್ ಸಾಮ್ರಾಜ್ಯದಲ್ಲಿ ಬರೆದ ಈ ಪತ್ರವು ಗಂಡನಿಗೆ ಆಳು ಎನ್ನಲಿಲ್ಲ, ಕ್ರಿಸ್ತನು ಸಭೆಗಾಗಿ, ಅಂದರೆ ವಿಶ್ವಾಸಿಗಳ ಸಮುದಾಯಕ್ಕಾಗಿ, ತನ್ನನ್ನೇ ಒಪ್ಪಿಸಿಕೊಟ್ಟಂತೆ ಪ್ರೀತಿಸು ಎಂದಿತು. ಗಂಡನು ‘ಶಿರಸ್ಸು’ ಎಂಬ ಮಾತು ಅಲ್ಲಿಯೇ ಇದೆ, ಅದರ ಅರ್ಥದ ಬಗ್ಗೆ ಸಭೆಗಳಲ್ಲಿ ಇಂದಿಗೂ ಒಮ್ಮತವಿಲ್ಲ, ಆದರೆ ಆ ಶಿರಸ್ಸಿನ ಮಾದರಿ ಶಿಲುಬೆಗೇರಿದವನು. (ಈ ಭಾಗವನ್ನು ಮದುವೆಗಳಲ್ಲಿ ವರನ ಕಡೆ ತಿರುಗಿ ಓದಿದ್ದನ್ನು ನಾನು ಕಂಡದ್ದು ಅಪರೂಪ.) ಪೋಪ್ ಎರಡನೆಯ ಜಾನ್ ಪಾಲ್ ಅವರೂ 1988ರಲ್ಲಿ ಇದನ್ನು ಪರಸ್ಪರ ಅಧೀನತೆಯೆಂದೇ ವಿವರಿಸಿದರು.

ಸಂಬಳದ ಬಗ್ಗೆ ನೇರವಾದ ವಚನವಿಲ್ಲ. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ದಂಪತಿಗಳಿಗೆ ಒಬ್ಬರ ದೇಹದ ಮೇಲೆ ಇನ್ನೊಬ್ಬರಿಗೆ ಸಮಾನ ಅಧಿಕಾರವನ್ನು ಹೇಳಿ, ಅಗಲಿರುವುದಾದರೂ ಇಬ್ಬರ ಸಮ್ಮತಿಯಿಂದಲೇ ಆಗಲಿ ಎನ್ನುತ್ತಾನೆ. ಅಷ್ಟು ಆಪ್ತವಾದ ವಿಷಯಕ್ಕೇ ಸಮ್ಮತಿ ಬೇಕಾದರೆ, ಬ್ಯಾಂಕ್ ಖಾತೆಗೆ ಬೇಡವೆನ್ನಲು ನನಗೆ ಆಧಾರ ಕಾಣದು. ನಿಮ್ಮ ಯಜಮಾನರೊಡನೆ ಕುಳಿತು 21ರಿಂದ 33ರವರೆಗೆ ಒಟ್ಟಿಗೆ ಓದಿರಿ.