ಬಾಟಲಿಯ ಮಳೆ, ತೋಟದ ಹಕ್ಕಿ, ಪ್ರವೇಶ ಪರೀಕ್ಷೆ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಶಾಲೆ ಭಾಗಮಂಡಲದ ಕಡೆ. ಮಕ್ಕಳಿಂದಲೇ ಮಳೆ ಅಳೆಸೋಣವೆಂದು ಪ್ಲಾಸ್ಟಿಕ್ ಬಾಟಲಿಗೆ ಲಾಳಿಕೆ ಸಿಕ್ಕಿಸಿ ಅಂಗಳದಲ್ಲಿ ಇಟ್ಟೆವು. ಪಕ್ಕದ ತೋಟದವರ ಲೆಕ್ಕಕ್ಕಿಂತ ಎರಡು-ಮೂರು ಪಟ್ಟು ಹೆಚ್ಚು ತೋರಿಸುತ್ತಿದೆ. ತಪ್ಪೆಲ್ಲಿ? (ಒಬ್ಬ ಶಿಕ್ಷಕಿ)

ಉತ್ತರ: ಲಾಳಿಕೆಯಲ್ಲಿ. ಬಾಟಲಿಯ ಅಡ್ಡಳತೆ 10 ಸೆಂ.ಮೀ., ಅಂಗಡಿಯಿಂದ ತಂದ ಲಾಳಿಕೆಯದು 16 ಸೆಂ.ಮೀ. ಎಂದುಕೊಳ್ಳಿ. ಮಳೆ ಬೀಳುವ ಜಾಗ 16×16, ನೀರು ನಿಲ್ಲುವ ಜಾಗ 10×10. ಅಂದರೆ 2.56 ಪಟ್ಟು ಹೆಚ್ಚು. ಲಾಳಿಕೆಯ ಬಾಯಿ ಮತ್ತು ಬಾಟಲಿಯ ಒಡಲು ಒಂದೇ ಅಗಲ ಇದ್ದರೆ ಮಾತ್ರ ಬಾಟಲಿಯೊಳಗಿನ ಎತ್ತರವೇ ಮಳೆಯ ಅಳತೆ.

ಇದಕ್ಕೆ ಎರಡು ಲೀಟರಿನ ಸೋಡಾ ಬಾಟಲಿ ಸಾಕು, ಆದರೆ ಒಡಲು ನೆಟ್ಟಗಿರಬೇಕು. ಸೊಂಟ ಸಣ್ಣಗಿರುವ, ಉಬ್ಬುತಗ್ಗಿನ ಬಾಟಲಿ ಬೇಡ. ಭುಜ ಶುರುವಾಗುವಲ್ಲಿ ಸುತ್ತ ದಾರ ಕಟ್ಟಿ, ಅದರ ಗುಂಟ ಓರೆಯಾಗದಂತೆ ಕತ್ತರಿಸಿ. ಮುಚ್ಚಳ ತೆಗೆದು ಮೇಲಿನ ತುಂಡನ್ನು ತಲೆಕೆಳಗು ಮಾಡಿ ಒಳಗೆ ಕೂರಿಸಿದರೆ ಅದೇ ಲಾಳಿಕೆ. ಬಾಟಲಿಯ ತಳ ಗುಳಿಗುಳಿಯಾಗಿರುತ್ತದೆ. ಅಲ್ಲಿಗೆ ಸಣ್ಣ ಜಲ್ಲಿ ಹಾಕಿ, ನೆಟ್ಟಗಿನ ಭಾಗ ಶುರುವಾಗುವವರೆಗೆ ನೀರು ತುಂಬಿಸಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಪ್ಲಾಸ್ಟಿಕ್ ಸ್ಕೇಲ್ ಅಂಟಿಸಿ. ಕಾಗದದ ಪಟ್ಟಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಎರಡು ದಿನವೂ ಬಾಳುವುದಿಲ್ಲ.

ಓದಿದ ಮೇಲೆ ಪ್ರತಿದಿನ ನೀರನ್ನು ಸೊನ್ನೆಗೆ ತಂದಿಡುವುದನ್ನು ಮಕ್ಕಳು ಮರೆಯುತ್ತಾರೆ. ಬಿಸಿಲಿನ ದಿನಗಳಲ್ಲಿ ತಳದ ನೀರು ಆರಿ ಮಟ್ಟ ಇಳಿದಿರುತ್ತದೆ. ಆಮೇಲೆ ಬಂದ ಹೂಮಳೆ (ಕಾಫಿ ಹೂವರಳಿಸುವ ಮಳೆ) ಅಷ್ಟರಮಟ್ಟಿಗೆ ಕಡಿಮೆ ಕಾಣುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಲಿ. ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಎರಡು ಪಟ್ಟು ದೂರ ಬಿಡಿ. ಸಿಲ್ವರ್ ಓಕ್ ಸಾಲಿನ ಕೆಳಗೆ ಇಟ್ಟರೆ ಎಲೆಯಿಂದ ತೊಟ್ಟಿಕ್ಕಿದ್ದೂ ಲೆಕ್ಕಕ್ಕೆ ಸೇರುತ್ತದೆ, ಎಲೆ ತಡೆದದ್ದು ತಪ್ಪಿಹೋಗುತ್ತದೆ. ಗಾಳಿಗೆ ಉರುಳದಂತೆ ಕಲ್ಲು ತುಂಬಿದ ಬಕೆಟ್ಟಿನೊಳಗೆ ನಿಲ್ಲಿಸಿ, ಬಾಟಲಿಯ ಬಾಯಿ ಮಾತ್ರ ಬಕೆಟ್ಟಿನ ಅಂಚಿಗಿಂತ ಸಾಕಷ್ಟು ಮೇಲಿರಲಿ.

ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಓದಿ. ಬಾಟಲಿಯಲ್ಲಿ ಅಳತೆಗೆ ಸಿಗುವುದು ಸುಮಾರು 15 ಸೆಂ.ಮೀ., ಅಂದರೆ 150 ಮಿ.ಮೀ. ನಿಮ್ಮ ಕಡೆ ಜುಲೈಯಲ್ಲಿ ಅದು ಒಂದೇ ದಿನದಲ್ಲಿ ತುಂಬಿ ಚೆಲ್ಲಬಹುದು. ಹಾಗಾಗಿ ಜೋರು ಮಳೆಯ ದಿನ ಸಂಜೆಯೂ ಓದಿ, ಖಾಲಿ ಮಾಡಿ, ಬೆಳಗಿನದಕ್ಕೆ ಕೂಡಿಸಿ. ಮಳೆರಜೆಯಲ್ಲಿ ಯಾರೂ ಓದದೆ ಮೂರು ದಿನದ ನೀರು ಒಟ್ಟಾಗಿದ್ದರೆ 'ಮೂರು ದಿನದ ಮೊತ್ತ' ಎಂದೇ ಬರೆಯಿರಿ. ಮೂರರಿಂದ ಭಾಗಿಸಿ ದಿನಕ್ಕಿಷ್ಟು ಎಂದು ಹಂಚಿದರೆ ಅದು ಅಳತೆಯಲ್ಲ, ಕಟ್ಟುಕತೆ.

ಇನ್ನು ಹೋಲಿಕೆ. ತೋಟದವರು ಹೇಳುವುದು ಇಂಚು, ಸೆಂಟ್ ಲೆಕ್ಕ. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಅವರ 2 ಇಂಚು 40 ಸೆಂಟ್ ನಿಮ್ಮ 61 ಮಿ.ಮೀ. ಈ ಲೆಕ್ಕವನ್ನು ಏಳನೇ ತರಗತಿಯ ಮಕ್ಕಳಿಗೇ ಬಿಡಿ. 64.5 ಮಿ.ಮೀ. ದಾಟಿದರೆ ಇಲಾಖೆಯ ಭಾಷೆಯಲ್ಲಿ 'ಭಾರಿ ಮಳೆ', 204.4 ದಾಟಿದರೆ 'ಅತ್ಯಂತ ಭಾರಿ'. ಕುಶಾಲನಗರದ ಕಡೆಯ ಯಾವುದಾದರೂ ಶಾಲೆಯನ್ನು ಜೊತೆಗೆ ಸೇರಿಸಿಕೊಂಡು, ಎರಡೂ ಊರಿನ ಪಟ್ಟಿಯನ್ನು ಫೆಬ್ರವರಿ 28ರ ವಿಜ್ಞಾನ ದಿನದಂದು ಅಕ್ಕಪಕ್ಕ ತೂಗುಹಾಕಿ. ಒಂದೇ ಜಿಲ್ಲೆಯೊಳಗಿನ ಅಂತರ ನೋಡಿ ಪೋಷಕರೂ ನಿಂತು ಓದುತ್ತಾರೆ.

ಪ್ರಶ್ನೆ: ಮಗಳು ಐದನೇ ತರಗತಿ, ಹುಟ್ಟಿದ್ದು 2016ರ ಮೇ ತಿಂಗಳಲ್ಲಿ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ ಎರಡಕ್ಕೂ 2026-27ರ ಪ್ರವೇಶಕ್ಕೆ ಬರೆಸಬಹುದೆ? (ಒಬ್ಬ ತಂದೆ, ಸೋಮವಾರಪೇಟೆ)

ಉತ್ತರ: ಆ ಸಾಲಿಗೆ ನವೋದಯ ಮಾತ್ರ. ಸೈನಿಕ ಶಾಲೆಯ ಆರನೇ ತರಗತಿಗೆ ಪ್ರವೇಶದ ವರ್ಷದ ಮಾರ್ಚ್ 31ಕ್ಕೆ 10 ವರ್ಷ ತುಂಬಿರಬೇಕು, ನಿಮ್ಮ ಮಗಳಿಗೆ ತುಂಬುವುದಿಲ್ಲ. ನವೋದಯದ ಗಡಿ ಜುಲೈ 31. ಆದರೆ ನವೋದಯಕ್ಕೆ ಐದನೇ ತರಗತಿಯಲ್ಲಿ ಓದುವ ವರ್ಷ ಒಂದೇ ಸಲ ಅವಕಾಶ, ಅದೂ ಓದುತ್ತಿರುವ ಜಿಲ್ಲೆಯಲ್ಲೇ. ಸೈನಿಕ ಶಾಲೆಗೆ ವಯಸ್ಸಿನ ಮಿತಿ ದಾಟದಿದ್ದರೆ ಮುಂದಿನ ವರ್ಷ ಬರೆಸಬಹುದು. ಹೆಣ್ಣುಮಕ್ಕಳಿಗೂ ಆರನೇ ತರಗತಿಗೆ ಪ್ರವೇಶವಿದೆ.

ಪರೀಕ್ಷೆಗಳ ಅಚ್ಚೂ ಬೇರೆ. ನವೋದಯದ್ದು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ ಅರ್ಧ ಪ್ರಶ್ನೆ ಬೌದ್ಧಿಕ ಸಾಮರ್ಥ್ಯದ್ದು. ಸೈನಿಕ ಶಾಲೆಯದು 125 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ಅಲ್ಲಿ ಗಣಿತವೊಂದಕ್ಕೇ 150 ಅಂಕ. ಆರನೇ ತರಗತಿಯ ಎರಡೂ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮಕ್ಕಳು ಎಡವುವುದು ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ: ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ವೃತ್ತವನ್ನೂ ಬಿಡಲು ಮರೆತು, ಅಲ್ಲಿಂದಾಚೆ ಎಲ್ಲವೂ ಒಂದು ಸಾಲು ಮೇಲೆ. ಕೋಚಿಂಗ್‌ಗೆ ಹಣ ಸುರಿಯುವ ಮೊದಲು ಮನೆಯಲ್ಲೇ ಜೆರಾಕ್ಸ್ ಹಾಳೆಯ ಮೇಲೆ ಇದನ್ನು ರೂಢಿ ಮಾಡಿಸಿ.

ಪ್ರಶ್ನೆ: ನಮ್ಮ ಯುವಕ ಸಂಘ ಫೆಬ್ರವರಿಯ ಹಕ್ಕಿ ಎಣಿಕೆಯಲ್ಲಿ ಶಾಲಾ ಮಕ್ಕಳನ್ನು ಸೇರಿಸಬೇಕೆಂದಿದೆ. ಸುಮಾರು 30 ಮಕ್ಕಳು. ಹೇಗೆ ನಡೆಸುವುದು? (ಅಮ್ಮತ್ತಿ)

ಉತ್ತರ: ಅದು 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್', ಪ್ರತಿ ಫೆಬ್ರವರಿಯ ಮಧ್ಯದಲ್ಲಿ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ. ಭಾರತ ಸೇರಿದ್ದು 2013ರಲ್ಲಿ. ಶುಲ್ಕವಿಲ್ಲ. ಒಂದೆಡೆ ಕನಿಷ್ಠ 15 ನಿಮಿಷ ನೋಡಿ, ಗುರುತಾದ ಎಲ್ಲ ಹಕ್ಕಿಗಳನ್ನೂ ಎಣಿಸಿ, ಹಕ್ಕಿ ದಾಖಲೆಯ ಆ್ಯಪ್ ಇಬರ್ಡ್‌ಗೆ ಹಾಕುವುದಷ್ಟೇ ಕೆಲಸ.

ಮೊದಲು ಆನೆಯ ಮಾತು. ನಿಮ್ಮ ಭಾಗದಲ್ಲಿ ಬೆಳಗಿನ ಜಾವ ತೋಟದೊಳಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ. ಏಳೂವರೆಯ ನಂತರ ಶಾಲೆಯ ಮೈದಾನದಿಂದ, ಗದ್ದೆಯ ಬದುವಿನಿಂದ, ಕೆರೆ ಏರಿಯಿಂದ ನೋಡಿದರೂ ಪಟ್ಟಿ ತುಂಬುತ್ತದೆ. ತೋಟದ ಅಂಚಿಗೆ ಹೋಗುವುದಾದರೆ ಹಿಂದಿನ ದಿನ ಮಾಲೀಕರನ್ನು ಕೇಳಿ. ಆ ಹೊತ್ತಿಗೆ ರೊಬಸ್ಟಾ ಕೊಯ್ಲೋ ಸ್ಪ್ರಿಂಕ್ಲರ್ ಕೆಲಸವೋ ನಡೆಯುತ್ತಿರುತ್ತದೆ.

ಮೂವತ್ತು ಜನ ಒಟ್ಟಿಗೆ ನಡೆದರೆ ಕಾಣುವುದು ಕಾಗೆ ಮಾತ್ರ. ಆರಾರು ಮಕ್ಕಳ ಐದು ತಂಡ ಮಾಡಿ, ತಂಡಕ್ಕೊಬ್ಬರು ದೊಡ್ಡವರು. ಒಬ್ಬರು ಬರೆಯಲಿ, ಒಬ್ಬರು ಗಡಿಯಾರ ನೋಡಲಿ, ಉಳಿದವರು ದಿಕ್ಕು ಹಂಚಿಕೊಳ್ಳಲಿ. ಹಿಂದಿನ ವಾರ ಹದಿನೈದು ಹಕ್ಕಿಗಳನ್ನಷ್ಟೇ ಕಲಿಸಿ: ಪಿಕಳಾರ, ಗೊರವಂಕ, ಕುಟ್ರುಹಕ್ಕಿ, ಭೀಮರಾಜ, ಮಂಗಟ್ಟೆ, ಹೀಗೆ. ಕುಟ್ರುಹಕ್ಕಿಯನ್ನು ದನಿಯಿಂದಲೇ ಕಲಿಸಬೇಕು, ಎಲೆಯ ನಡುವೆ ಹಸಿರು ಹಕ್ಕಿ ಕಾಣುವುದು ಅಪರೂಪ. ದನಿ ಕೇಳಿ ಗುರುತಿಸಿದ್ದೂ ಲೆಕ್ಕಕ್ಕೆ ಸಲ್ಲುತ್ತದೆ.

ಲೆಕ್ಕ ಕೆಡುವುದು ಹೀಗೆ. ಒಂದೇ ಭೀಮರಾಜ ಅತ್ತಿತ್ತ ನಾಲ್ಕು ಸಲ ಹಾರಿದರೆ ಮಕ್ಕಳು ನಾಲ್ಕು ಎಂದು ಬರೆಯುತ್ತಾರೆ; ಅನುಮಾನವಿದ್ದರೆ ಒಮ್ಮೆಗೆ ಕಂಡ ಗರಿಷ್ಠ ಸಂಖ್ಯೆಯನ್ನೇ ಹಿಡಿಯಿರಿ. ಐದೂ ತಂಡದ ಪಟ್ಟಿಯನ್ನು ಕೂಡಿಸಿ ಒಂದು ಮಾಡಬೇಡಿ, ಪ್ರತಿಯೊಂದನ್ನೂ ಅದರದೇ ಜಾಗ, ವೇಳೆಯೊಂದಿಗೆ ಬೇರೆಯಾಗಿ ಹಾಕಿ. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಬೇಡ. ಖಾತೆ ಶಿಕ್ಷಕರ ಹೆಸರಿನಲ್ಲಿರಲಿ. ನೆಟ್‌ವರ್ಕ್ ಇಲ್ಲದ ಕಡೆಗೆ ಹೋಗುವವರು ಜಿಲ್ಲೆಯ ಹಕ್ಕಿಪಟ್ಟಿಯನ್ನು ಮೊದಲೇ ಆ್ಯಪ್‌ಗೆ ಇಳಿಸಿಕೊಂಡರೆ, ಪಟ್ಟಿಯನ್ನು ಅಲ್ಲೇ ತುಂಬಿ ಸಿಗ್ನಲ್ ಸಿಕ್ಕಾಗ ಕಳಿಸಬಹುದು.

ಪ್ರಶ್ನೆ: ಎನ್‌ಎಂಎಂಎಸ್ (ಬಡ ಮಕ್ಕಳ ಪ್ರತಿಭಾ ವಿದ್ಯಾರ್ಥಿವೇತನ) ಪರೀಕ್ಷೆಯಲ್ಲಿ ಆಯ್ಕೆಯಾದ ಲೈನ್ ಮನೆಯ (ತೋಟದ ಕಾರ್ಮಿಕರ ವಸತಿಯ) ಇಬ್ಬರು ಮಕ್ಕಳಿಗೆ ಹಣವೇ ಬರಲಿಲ್ಲ. ಕಾರಣವೇನಿರಬಹುದು? (ಪ್ರೌಢಶಾಲಾ ಶಿಕ್ಷಕ, ವಿರಾಜಪೇಟೆ)

ಉತ್ತರ: ಎಂಟನೇ ತರಗತಿಯಲ್ಲಿ ಆಯ್ಕೆಯಾದರೆ ಹಣ ತಾನಾಗಿ ಬರುವುದಿಲ್ಲ. ಒಂಬತ್ತಕ್ಕೆ ಬಂದ ಕೂಡಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಶಾಲೆ ಮತ್ತು ಜಿಲ್ಲೆ ಎರಡೂ ಹಂತದಲ್ಲಿ ಪರಿಶೀಲನೆ ಮುಗಿಯಬೇಕು, ಮುಂದಿನ ಪ್ರತಿ ವರ್ಷ ನವೀಕರಿಸಬೇಕು. ವರ್ಷಕ್ಕೆ 12,000 ರೂಪಾಯಿಯಂತೆ ದ್ವಿತೀಯ ಪಿಯುಸಿವರೆಗೆ ಬರುವ ಹಣ ಇದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು.

ಮೊದಲು ಹೆಸರು ನೋಡಿ. ಆಧಾರ್‌ನಲ್ಲಿ ಇನಿಶಿಯಲ್ ಕೊನೆಗೆ, ಶಾಲಾ ದಾಖಲೆಯಲ್ಲಿ ಮೊದಲಿಗೆ ಇದ್ದರೂ ಅರ್ಜಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬ್ಯಾಂಕ್: ಖಾತೆ ಮಗುವಿನದೇ ಆಗಿರಬೇಕು, ಆಧಾರ್ ಜೋಡಣೆಯಾಗಿರಬೇಕು, ಚಾಲ್ತಿಯಲ್ಲಿರಬೇಕು. ಕೆಲಸ ಹುಡುಕಿಕೊಂಡು ಕುಟುಂಬ ಬೇರೆ ತೋಟಕ್ಕೆ ಹೋಗಿ ಮಗು ಶಾಲೆ ಬದಲಿಸಿದ್ದರೆ, ಹಳೆಯ ಶಾಲೆಯ ಲಾಗಿನ್‌ನಲ್ಲೇ ಅರ್ಜಿ ಉಳಿದುಹೋಗಿರಬಹುದು. ಅರ್ಜಿಯ ಸಂಖ್ಯೆ ಹಾಕಿ ಅದು ಯಾವ ಹಂತದಲ್ಲಿ ನಿಂತಿದೆ ಎಂದು ಪೋರ್ಟಲ್‌ನಲ್ಲಿ ನೋಡಿ, ಅದರ ಪ್ರಿಂಟ್ ಹಿಡಿದೇ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ.